ಎಂಪಿ ಸದನದಲ್ಲಿ ಕೇಳಿದರೆ ಸಾಕೇ?

ಬಾಗಲಕೋಟೆ ಲೋಕಸಭಾ ಕ್ಷೇತ್ರದ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ, ಎಂಪಿ ಯಾರೇ ಇರಲಿ, ಎರಡು ಮಾತು ಕಿವಿಗೆ ಬೀಳುತ್ತವೆ. ‘ದಿಲ್ಲ್ಯಾಗ ನಮ್ಮವ್ರು ಬಾಯಿ ಬಿಚ್ಚೂದಿಲ್ಲ’ ಎಂಬುದು ಒಂದು. ‘ಒಮ್ಮೆ ಗಟ್ಟಿಯಾಗಿ ಕೇಳಿದ್ರ ಕೆಲಸ ಆಗಿಬಿಡ್ತಿತ್ತು’ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಗೊತ್ತಿಲ್ಲದ್ದರಿಂದ ನಮ್ಮ ಮನವಿಗಳು ತಪ್ಪು ಬಾಗಿಲಿಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತವೆ.

ಬೀಳಗಿ ತಾಲ್ಲೂಕಿನ ಅನಗವಾಡಿಯನ್ನೇ ನೋಡಿ. ಊರಿನ ಬಳಿ ಘಟಪ್ರಭಾ ನದಿಗೆ ಸೇತುವೆ ಇದೆ. ಅದರ ಮೇಲೆ ಹೋಗುವುದು ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳನ್ನು ಕೂಡಿಸುವ ರಾಷ್ಟ್ರೀಯ ಹೆದ್ದಾರಿ. ಈ ಭಾಗದಲ್ಲಿ ಮೊದಲು 218 ಆಗಿದ್ದದ್ದು ಈಗ 52. ರಾಷ್ಟ್ರೀಯ ಹೆದ್ದಾರಿ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ಸೇತುವೆಯ ಮೇಲಿನ ತೊಂದರೆಯನ್ನು ಲೋಕಸಭೆಯಲ್ಲಿ ನೇರವಾಗಿ ಕೇಳಬಹುದು, ಹೆದ್ದಾರಿ ಸಚಿವರು ಉತ್ತರಿಸಬೇಕು. ಆದರೆ ಅದೇ ಸೇತುವೆಯ ಕೆಳಗೆ ಹರಿಯುವ ನೀರು, ಆ ನೀರು ಕಾಲುವೆಗೆ ಹೋಗುವುದು, ನೆರೆ ಬಂದಾಗ ಹೊಲದ ಪಂಚನಾಮೆ ಮಾಡುವುದು, ಪರಿಹಾರ ಹಂಚುವುದು, ಮುಳುಗಡೆಯಾದವರಿಗೆ ನಿವೇಶನ ಕೊಡುವುದು ರಾಜ್ಯ ಸರ್ಕಾರದ ಕೆಲಸ. ಭಾರತ ಸರ್ಕಾರದ ಹೊಣೆಗೆ ಮುಖ್ಯವಾಗಿ ಸೇರದ ವಿಷಯದ ಪ್ರಶ್ನೆಯನ್ನು ಲೋಕಸಭೆಯ ನಿಯಮ 41ರಡಿ ಸ್ವೀಕರಿಸುವುದಿಲ್ಲ. ಸಂಸದರು ಎಷ್ಟೇ ಕಾಳಜಿಯಿಂದ ಬರೆದು ಕೊಟ್ಟರೂ ಅಂಥ ಪ್ರಶ್ನೆ ಸದನದ ಬಾಗಿಲು ದಾಟುವುದಿಲ್ಲ. ಅದನ್ನು ಕೇಳಬೇಕಾದವರು ಬೀಳಗಿಯ ಶಾಸಕರು, ಕೇಳಬೇಕಾದ ಜಾಗ ವಿಧಾನಸಭೆ.

ಇನ್ನು ‘ಬಾಯಿ ಬಿಚ್ಚೂದಿಲ್ಲ’ ಎಂಬ ದೂರಿಗೆ ಬರೋಣ. ಟಿವಿಯಲ್ಲಿ ನಮಗೆ ಕಾಣುವುದು ಎದ್ದು ನಿಂತು ಮಾತಾಡುವವರು ಮಾತ್ರ. ಸಂಸತ್ತಿನ ಹೆಚ್ಚಿನ ಪ್ರಶ್ನೋತ್ತರ ಕಾಗದದ ಮೇಲೆಯೇ ನಡೆಯುತ್ತದೆ. ಪ್ರಶ್ನೆ ಕೇಳಲು ಕನಿಷ್ಠ 15 ದಿನ ಮೊದಲೇ ಸೂಚನೆ ಕೊಡಬೇಕು. ಬಂದ ಸೂಚನೆಗಳಲ್ಲಿ ಯಾರದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ದಿನಕ್ಕೆ 20 ಪ್ರಶ್ನೆಗಳಿಗೆ ಮಾತ್ರ ಚುಕ್ಕೆ ಗುರುತು ಸಿಗುತ್ತದೆ; ಅವಕ್ಕೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆಗೂ ಅವಕಾಶವಿದೆ. ಬೆಳಿಗ್ಗೆ 11ರಿಂದ 12ರವರೆಗಿನ ಆ ಒಂದು ತಾಸಿನಲ್ಲಿ 20ರಲ್ಲಿ ಕೆಲವಕ್ಕಷ್ಟೇ ಸರದಿ ಬರುತ್ತದೆ. ಚುಕ್ಕೆ ಗುರುತಿಲ್ಲದ 230ರಷ್ಟು ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ಕ್ಯಾಮೆರಾ ಇಲ್ಲ, ಚಪ್ಪಾಳೆ ಇಲ್ಲ. ಆದರೂ ಒಂದು ಹಳ್ಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂದು ನನ್ನ ನಂಬಿಕೆ. ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಕೆಲಸ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನೆಲ್ಲ ಸರ್ಕಾರ ಲಿಖಿತವಾಗಿ ಒಪ್ಪಿಕೊಳ್ಳುವುದು ಅಲ್ಲಿಯೇ.

ನಾವು ಮೊಬೈಲ್‌ನಲ್ಲಿ ಹಂಚಿಕೊಳ್ಳುವ ವಿಡಿಯೋಗಳು ಬಹುಪಾಲು ಶೂನ್ಯವೇಳೆಯವು. ತುರ್ತು ವಿಷಯ ಎತ್ತುವ ಈ ಶೂನ್ಯವೇಳೆ ನಿಯಮಾವಳಿಯಲ್ಲೇ ಇಲ್ಲ, ರೂಢಿಯಿಂದ ಬೆಳೆದು ಬಂದದ್ದು. ಅಲ್ಲಿ ಎತ್ತಿದ ವಿಷಯಕ್ಕೆ ಸಚಿವರು ಅಲ್ಲೇ ಉತ್ತರ ಕೊಡಬೇಕೆಂಬ ಕಟ್ಟುಪಾಡಿಲ್ಲ. ನಿಯಮ 377 ಅದಕ್ಕಿಂತ ಗಟ್ಟಿ. 250 ಪದಗಳ ಒಳಗೆ ವಿಷಯ ಬರೆದುಕೊಟ್ಟರೆ ಅದು ದಾಖಲೆಗೆ ಸೇರುತ್ತದೆ, ಸಂಬಂಧಪಟ್ಟ ಸಚಿವಾಲಯ ಆಮೇಲೆ ಸಂಸದರಿಗೆ ಬರೆದು ತಿಳಿಸುತ್ತದೆ. ಆ ಪತ್ರ ಬಂತೇ, ಬಂದಿದ್ದರೆ ಅದರಲ್ಲೇನಿದೆ ಎಂದು ಕ್ಷೇತ್ರದ ಜನ ವಿಚಾರಿಸುವುದು ತೀರ ಅಪರೂಪ.

‘ಆಳುವ ಪಕ್ಷದವರು ತಮ್ಮದೇ ಸರ್ಕಾರವನ್ನು ಹೆಂಗ ಕೇಳ್ತಾರ’ ಎನ್ನುವವರಿದ್ದಾರೆ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ 1985ರಲ್ಲಿ ಬಂತು. ಅದರಡಿ ವಿಪ್, ಅಂದರೆ ಪಕ್ಷದ ಆದೇಶ, ಕಟ್ಟಿಹಾಕುವುದು ಮತವನ್ನು, ಪ್ರಶ್ನೆಯನ್ನಲ್ಲ. ಆಳುವ ಪಕ್ಷದ ಸಂಸದರೂ ಪ್ರಶ್ನೆ ಕೇಳಬಹುದು, ಕೇಳುತ್ತಲೂ ಇರುತ್ತಾರೆ. ಪ್ರಶ್ನೆ ಕೇಳಲಾಗದವರು ಮಂತ್ರಿಗಳು. ಇದು ನಮ್ಮ ಭಾಗದವರಿಗೆ ಚೆನ್ನಾಗಿ ನೆನಪಿರಬೇಕಾದ ಸಂಗತಿ. 1991ರಲ್ಲಿ ಬಾಗಲಕೋಟೆಯಿಂದ ನಿಂತ ರಾಮಕೃಷ್ಣ ಹೆಗಡೆಯವರನ್ನು ಜಮಖಂಡಿಯ ಸಿದ್ದು ನ್ಯಾಮಗೌಡರು ಸೋಲಿಸಿ, ನರಸಿಂಹರಾವ್ ಸಂಪುಟದಲ್ಲಿ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವರಾದರು. ನಮ್ಮವರೊಬ್ಬರು ಮಂತ್ರಿಯಾದರೆಂದು ಜಿಲ್ಲೆ ಹೆಮ್ಮೆಪಟ್ಟಿತು. ಆದರೆ ಮಂತ್ರಿಯಾದವರು ಉತ್ತರಿಸುವ ಸಾಲಿನಲ್ಲಿ ಕೂರುತ್ತಾರೆ, ಪ್ರಶ್ನೋತ್ತರ ವೇಳೆಯಲ್ಲಿ ಕ್ಷೇತ್ರದ ಪರವಾಗಿ ಕೇಳುವ ಹಕ್ಕು ಅವರಿಗಿರುವುದಿಲ್ಲ.

ಭಾಷೆಯ ಅಳುಕಿಗೂ ಆಧಾರವಿಲ್ಲ. ಹಿಂದಿ, ಇಂಗ್ಲಿಷ್ ಬಾರದಿದ್ದರೆ ಲೋಕಸಭೆಯಲ್ಲಿ ಸುಮ್ಮನೆ ಕೂರಬೇಕೆಂದು ಈಗಲೂ ಹೇಳುವವರಿದ್ದಾರೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಸಮಾಜವಾದಿ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಇವತ್ತು ಕನ್ನಡದ ಮಾತನ್ನು ಕೂಡಲೇ ಬೇರೆ ಭಾಷೆಗೆ ಅನುವಾದಿಸಿ ಕೇಳಿಸುವ ವ್ಯವಸ್ಥೆಯೇ ಇದೆ.

ರಬಕವಿ-ಬನಹಟ್ಟಿಯ ನೇಕಾರರ ಸಂಗತಿ ಬೇರೆ ಬಗೆಯದು. ನೂಲು, ಬಟ್ಟೆ, ಸೀರೆಯ ಮೇಲಿನ ಜಿಎಸ್‌ಟಿ ಇಳಿಸಲು ಸಂಸತ್ತಿನಲ್ಲಿ ಒತ್ತಾಯಿಸಿ ಎಂದು ಮನವಿ ಕೊಡುವುದುಂಟು. ದರದ ಬಗ್ಗೆ ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳೆಲ್ಲ ಸೇರಿ ಮೂರನೇ ಎರಡು. 2022ರ ಜನವರಿ 1ರಿಂದ ಬಟ್ಟೆಯ ಮೇಲಿನ ತೆರಿಗೆ ಶೇ 5ರಿಂದ 12ಕ್ಕೆ ಏರಬೇಕಿತ್ತು. ಹಿಂದಿನ ದಿನ, ಡಿಸೆಂಬರ್ 31ರಂದು, ಮಂಡಳಿ ಅದನ್ನು ಮುಂದೂಡಿತು. ಸಂಸದರು ಕೇಳಿದರೆ ಒತ್ತಡ ಬೀಳುತ್ತದೆ, ನಿಜ. ಆದರೆ ಅದೇ ಮನವಿಯ ಇನ್ನೊಂದು ಪ್ರತಿ ರಾಜ್ಯದ ಹಣಕಾಸು ಇಲಾಖೆಗೆ ಹೋಗದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ.

ಬೆಂಗಳೂರಿನ ಸಂಸದರು ಕೇಳಿದ್ದೆಲ್ಲ ಸಿಗುತ್ತದೆ, ನಮಗೆ ಸಿಗುವುದಿಲ್ಲ ಎಂಬ ನೋವು ಉತ್ತರ ಕರ್ನಾಟಕದಲ್ಲಿ ಆಳವಾಗಿದೆ. ಆ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಶಕಗಳ ಬೇಡಿಕೆಯ ನಂತರ ಬೆಂಗಳೂರಿನ 148 ಕಿ.ಮೀ. ಉಪನಗರ ರೈಲಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಅದೂ ರಾಜ್ಯ ಪಾಲುದಾರನಾಗಿ ಹಣ ಹಾಕಲು ಒಪ್ಪಿದ್ದರಿಂದ. ನಮ್ಮ ಬಾಗಲಕೋಟೆ-ಕುಡಚಿ ರೈಲು ಮಾರ್ಗಕ್ಕೆ 2010-11ರಲ್ಲೇ ಮಂಜೂರಾತಿ ಸಿಕ್ಕಿತು. ಉದ್ದ 142 ಕಿ.ಮೀ. ವೆಚ್ಚ ಅರ್ಧರ್ಧ, ಜಮೀನು ರಾಜ್ಯದ್ದು ಎಂದು ಒಪ್ಪಂದ. ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಆದಮೇಲೆ ಕೆಲಸ ಕುಂಟಿತು. ಹೀಗಿರುವಾಗ ದಿಲ್ಲಿಯಲ್ಲಿ ಎಂಪಿಯನ್ನಷ್ಟೇ ದೂರಿದರೆ ಹಳಿ ಮುಂದಕ್ಕೆ ಹೋಗುವುದಿಲ್ಲ. ಭೂಸ್ವಾಧೀನ ಎಲ್ಲಿ ನಿಂತಿದೆ ಎಂದು ಬೆಂಗಳೂರಿನಲ್ಲೂ ಕೇಳಬೇಕು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದ ವಿಷಯದಲ್ಲಿ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಒಪ್ಪಿತು. ಅದು ಜಾರಿಗೆ ಬರಲು ಕೇಂದ್ರ ಗೆಜೆಟ್‌ನಲ್ಲಿ ಪ್ರಕಟಿಸಬೇಕು. 2011ರ ಸುಪ್ರೀಂ ಕೋರ್ಟ್ ಆದೇಶ ಅದನ್ನು ತಡೆದು ನಿಲ್ಲಿಸಿತು. ಸಂಸತ್ತಿನಲ್ಲಿ ಗೆಜೆಟ್ ಯಾವಾಗ ಎಂದು ಕೇಳಬಹುದು, ಸ್ಥಿತಿಗತಿ ತಿಳಿಯಬಹುದು. ಕೋರ್ಟಿನಲ್ಲಿರುವ ವ್ಯಾಜ್ಯದ ಒಳಕ್ಕೆ ಇಳಿಯಲು ನಿಯಮ ಬಿಡುವುದಿಲ್ಲ. ಇತ್ತ ಮಟ್ಟ ಏರಿಸಿದರೆ ಮುಳುಗಡೆಯಾಗುವ ಜಮೀನಿನ ಪರಿಹಾರದ ದರ ರಾಜ್ಯದ ಕೈಯಲ್ಲಿದೆ. ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದ್ದು ರಾಜ್ಯ ಸಂಪುಟ. ಗೆಜೆಟ್ಟಿಗೂ ಪರಿಹಾರಕ್ಕೂ ಒಂದೇ ಮನವಿಪತ್ರ ಬರೆದರೆ ಎರಡೂ ಸರ್ಕಾರಗಳು ಒಬ್ಬರತ್ತ ಒಬ್ಬರು ಕೈ ತೋರಿಸಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

‘ಎಂಪಿ ಫಂಡಿನ ರೊಕ್ಕ ಅವರ ಕಡೆನೇ ಐತಲ್ಲ’ ಎಂಬ ಮಾತೂ ಸರಿಯಲ್ಲ. 1993ರಲ್ಲಿ ಶುರುವಾದ ಆ ಯೋಜನೆಯಲ್ಲಿ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಸಂಸದರು ಕೆಲಸ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡಿ ಖರ್ಚು ಹಾಕುವುದು ಜಿಲ್ಲಾಡಳಿತ. ನಮ್ಮ ಕ್ಷೇತ್ರದ ಎಂಟು ವಿಧಾನಸಭಾ ಭಾಗಗಳಿಗೆ ಸಮನಾಗಿ ಹಂಚಿದರೆ ತಲಾ ಅರವತ್ತೆರಡೂವರೆ ಲಕ್ಷ ಬಂತು.

ಹಾಗಾದರೆ ಸದನದ ಮಾತಿಗೆ ಬೆಲೆಯಿಲ್ಲವೇ? ದೊಡ್ಡ ಬೆಲೆಯಿದೆ, ನಾವು ಅದನ್ನು ಹಿಂಬಾಲಿಸಿದರೆ. ಸಚಿವರು ‘ಪರಿಶೀಲಿಸುತ್ತೇವೆ’, ‘ಕ್ರಮ ಕೈಗೊಳ್ಳುತ್ತೇವೆ’ ಎಂದು ಸದನದಲ್ಲಿ ಆಡಿದ ಮಾತನ್ನು ಭರವಸೆ ಎಂದು ಪರಿಗಣಿಸಿದರೆ ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೇ ಎಂದು ನೋಡಲು 1953ರಿಂದಲೂ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರತಿ ಸಂಸದರ ಪ್ರಶ್ನೆ, ಅದಕ್ಕೆ ಬಂದ ಉತ್ತರ ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತಿವೆ.

ಆದ್ದರಿಂದ ಅನಗವಾಡಿಯ, ಬೀಳಗಿಯ, ಮುಧೋಳದ ಗೆಳೆಯರಲ್ಲಿ ಒಂದು ಕೋರಿಕೆ. ಅಧಿವೇಶನ ಶುರುವಾದ ಮೇಲೆ ಹಾರ ಹಿಡಿದು ಮನವಿ ಕೊಡಬೇಡಿ, ಒಂದು ತಿಂಗಳು ಮೊದಲೇ ಕೊಡಿ. ಒಂದು ಮನವಿಯಲ್ಲಿ ಕೇಂದ್ರಕ್ಕೆ ಸೇರಿದ ಒಂದೇ ವಿಷಯವಿರಲಿ. ಅಧಿವೇಶನ ಮುಗಿದ ಮೇಲೆ ಸಂಸದರ ಕಚೇರಿಗೆ ಹೋಗಿ ಆ ಪ್ರಶ್ನೆಯ ಸಂಖ್ಯೆ, ತಾರೀಖು, ಲಿಖಿತ ಉತ್ತರದ ಪ್ರತಿ ಕೇಳಿ ಪಡೆದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ.