ಕಿಡ್ನಿಗೆ ಐಸ್ ಇಡೋದು ಯಾಕೆ? ಒಂದು ಸಣ್ಣ ಲೆಕ್ಕ

ಗೆಳೆಯರೇ, ರಂಗಂಪೇಟೆಯ ಬ್ಯಾಸಗಿ ನಿಮಗೆ ಗೊತ್ತೇ ಇದೆ. ಮುಂಜಾನೆ ಕಾಯಿಸದೆ ಇಟ್ಟ ಹಾಲು ಮಧ್ಯಾಹ್ನಕ್ಕೆ ಕೆಟ್ಟಿರುತ್ತದೆ. ಅದೇ ಹಾಲು ಫ್ರಿಜ್‌ನಲ್ಲಿದ್ದರೆ ನಾಳೆಗೂ ನಡೀತದೆ. ತಂಪಾದಷ್ಟೂ ಒಳಗಿನ ಕ್ರಿಯೆಗಳು ನಿಧಾನ ಆಗ್ತವೆ. ಆಪರೇಷನ್ ಥಿಯೇಟರಿನಲ್ಲಿ ಕಿಡ್ನಿಯ ಸುತ್ತ ಐಸ್ ತುಂಬುವುದರ ಹಿಂದೆಯೂ ಇದೇ ವಿಚಾರ ಇದೆ.

ಕಿಡ್ನಿಯಲ್ಲಿ ಸಣ್ಣ ಗಡ್ಡೆ ಬೆಳೆದರೆ ಇಡೀ ಕಿಡ್ನಿ ತೆಗೆಯದೆ ಗಡ್ಡೆಯನ್ನಷ್ಟೇ ಕತ್ತರಿಸಬಹುದು. ಆದರೆ ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗ್ತದೆ. ಹಾಗೇ ಕತ್ತರಿಸಿದರೆ ರಕ್ತ ನಿಲ್ಲೋದಿಲ್ಲ. ಅದಕ್ಕೇ ಸರ್ಜನ್ ಮೊದಲು ಕಿಡ್ನಿಯ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕ್ತಾರೆ. ಆ ಕ್ಷಣದಿಂದ ಗಡಿಯಾರ ಶುರು. ಆಕ್ಸಿಜನ್ ಇಲ್ಲ, ಜೀವಕೋಶಕ್ಕೆ ಶಕ್ತಿ ಇಲ್ಲ. ಸೋಡಿಯಂ ಹೊರಹಾಕುವ ಪಂಪ್ ನಿಲ್ತದೆ, ನೀರು ಒಳನುಗ್ಗಿ ಕೋಶ ಊದಿಕೊಳ್ತದೆ. 37 ಡಿಗ್ರಿಯಲ್ಲಿ ಈ ಕೆಲಸವನ್ನು 25-30 ನಿಮಿಷದೊಳಗೆ ಮುಗಿಸಲು ನೋಡ್ತಾರೆ. ಕಿಡ್ನಿಯನ್ನು 15-20 ಡಿಗ್ರಿಗೆ ಇಳಿಸಿದರೆ ಒಂದು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಸಿಗ್ತದೆ. ಉಷ್ಣತೆ 10 ಡಿಗ್ರಿ ಇಳಿದಾಗಲೆಲ್ಲ ಕೋಶದ ಖರ್ಚು ಅರ್ಧ ಅಥವಾ ಅದಕ್ಕೂ ಕಡಿಮೆ ಆಗುವುದೇ ಇದಕ್ಕೆ ಕಾರಣ.

ಎಷ್ಟು ಐಸ್ ಬೇಕು? ಪೆನ್ನು ತೆಗೀರಿ. ಒಂದು ಕಿಡ್ನಿ ಸುಮಾರು 150 ಗ್ರಾಂ. ಅದರ ವಿಶಿಷ್ಟೋಷ್ಣ ಗ್ರಾಂಗೆ ಸುಮಾರು 3.7 ಜೂಲ್. 37ರಿಂದ 17 ಡಿಗ್ರಿಗೆ ಇಳಿಸಲು 150 × 3.7 × 20, ಅಂದರೆ ಸುಮಾರು 11,000 ಜೂಲ್ ಹೊರತೆಗೀಬೇಕು. ಒಂದು ಗ್ರಾಂ ಐಸ್ ಕರಗುವಾಗ 334 ಜೂಲ್ ಹೀರುತ್ತದೆ. ಉತ್ತರ ಬರೀ 33 ಗ್ರಾಂ! ಒಂದು ಸಣ್ಣ ಐಸ್‌ಕ್ಯಾಂಡಿಯಷ್ಟೂ ಇಲ್ಲ.

ಆದರೆ ಕ್ಲ್ಯಾಂಪ್ ಹಾಕದೇ ಐಸ್ ಇಟ್ಟರೆ? ಒಂದು ಕಿಡ್ನಿಗೆ ನಿಮಿಷಕ್ಕೆ ಸುಮಾರು 600 ಮಿಲಿಲೀಟರ್, ಅಂದರೆ ಸೆಕೆಂಡಿಗೆ 10 ಗ್ರಾಂ ಬೆಚ್ಚಗಿನ ರಕ್ತ ಬರ್ತಿರ್ತದೆ. ಅದನ್ನು 20 ಡಿಗ್ರಿ ಇಳಿಸ್ತಾ ಇರಬೇಕಾದರೆ ಸೆಕೆಂಡಿಗೆ 700 ಜೂಲ್‌ಗೂ ಹೆಚ್ಚು. ಬಕೆಟ್‌ನಲ್ಲಿ 700 ವಾಟ್ ಹೀಟರ್ ಹಾಕಿ ಜೊತೆಗೆ ಐಸ್ ಸುರಿದಂಗೆ! ಮೇಲಾಗಿ ತಣ್ಣಗಾದ ರಕ್ತ ವಾಪಸ್ ಹೋಗಿ ಮೈಯನ್ನೆಲ್ಲ ತಂಪು ಮಾಡ್ತದೆ. ಅದಕ್ಕೇ ಮೊದಲು ಕ್ಲ್ಯಾಂಪ್, ಆಮೇಲೆ ಐಸ್.

ಐಸ್ ಇಟ್ಟ ಕೂಡಲೇ ಕತ್ತರಿಸೋದೂ ಇಲ್ಲ. ಸುಮಾರು 10 ನಿಮಿಷ ಕಾಯ್ತಾರೆ. ಮಾಂಸಖಂಡದಲ್ಲಿ ಶಾಖ ಬಲು ನಿಧಾನ ಹರಿಯುತ್ತದೆ, ಹೊರಗೆ ತಣ್ಣಗಾದರೂ ನಡುಭಾಗ ಇನ್ನೂ ಬಿಸಿ ಇರ್ತದೆ. ಅಂದರೆ ಇಲ್ಲಿ ಕೊರತೆ ಐಸ್‌ನದ್ದಲ್ಲ, ಸಮಯದ್ದು. ಗಟ್ಟಿ ಐಸ್ ತುಂಡಿನ ಬದಲು ಸಲೈನ್‌ನಿಂದ ಮಾಡಿದ ಪುಡಿ ಐಸ್ ಬಳಸೋದೂ ಅದಕ್ಕೇ, ಎಲ್ಲ ಕಡೆ ಅಂಟಿಕೊಂಡು ಕೂಡ್ತದೆ.

ಹಂಗಂತ ಎಲ್ಲರಿಗೂ ಐಸ್ ಬೇಕೇ? ಕೆನಡಾದ ವೈದ್ಯರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಐಸ್ ಇಟ್ಟವರಿಗೂ ಇಡದವರಿಗೂ ಒಂದು ವರ್ಷದ ಬಳಿಕ ಕಿಡ್ನಿಯ ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಲೆಕ್ಕ ತಪ್ಪು ಅಂತಲ್ಲ. ಐಸ್ ಕಿಡ್ನಿಯನ್ನು ರಿಪೇರಿ ಮಾಡೋದಿಲ್ಲ, ಸಮಯ ಕೊಡ್ತದೆ ಅಷ್ಟೇ. ಕೆಲಸ ಬೇಗ ಮುಗಿಯುವಂತಿದ್ದರೆ ಆ ಹೆಚ್ಚಿನ ಸಮಯದ ಅಗತ್ಯವೇ ಬೀಳೋದಿಲ್ಲ. ಗಡ್ಡೆ ತೊಡಕಿನ ಜಾಗದಲ್ಲಿದ್ದು ಹೊತ್ತು ಹಿಡಿಯುವಾಗ, ಅದರಲ್ಲೂ ಇರೋದು ಒಂದೇ ಕಿಡ್ನಿ ಆದಾಗ, ಪ್ರತಿ ನಿಮಿಷಕ್ಕೂ ಬೆಲೆ ಇದೆ. ಆ ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್. ವಾರಕ್ಕೆ 2-3 ಸಲ, ಸಲಕ್ಕೆ ಸುಮಾರು 4 ತಾಸು. ನಮ್ಮ ಕಡೆ ಹಳ್ಳಿಯಿಂದ ಬರೋರಿಗೆ ಬಸ್ಸಿನ ದಾರಿ ಬೇರೆ, ಹೋದ ದಿನದ ಕೂಲಿ ಬೇರೆ.

ಕಸಿ ಮಾಡುವಾಗಲೂ ಇದೇ ತಂಪೇ ಆಧಾರ. ನಮ್ಮ ರಾಜ್ಯದಲ್ಲಿ ಅಂಗದಾನದ ಹೊಣೆ ಹೊತ್ತಿರುವುದು 'ಜೀವಸಾರ್ಥಕತೆ'. ದಾನವಾಗಿ ಬಂದ ಕಿಡ್ನಿಯ ಒಳಗಿನ ರಕ್ತ ತೊಳೆದು, ತಣ್ಣನೆಯ ದ್ರಾವಣ ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿ ಆಸುಪಾಸು ಇಟ್ಟರೆ ನಿಮಿಷಗಳ ಲೆಕ್ಕ ತಾಸುಗಳಿಗೆ ಹಿಗ್ಗುತ್ತದೆ. ಆದರೆ ಹೆಪ್ಪುಗಟ್ಟಲು ಬಿಡಬಾರದು, ಐಸ್ ಹರಳುಗಳು ಕೋಶಗಳನ್ನೇ ಹರಿದುಹಾಕ್ತವೆ.

ಈಗ ನಮ್ಮ ಪಾಲಿನ ಕೆಲಸ. ಲ್ಯಾಪರೋಸ್ಕೋಪಿ, ರೋಬೋಟ್ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ಇರೋದು ಒಂದೆರಡು ಸೆಂಟಿಮೀಟರಿನ ತೂತುಗಳು. ಅಷ್ಟರಲ್ಲಿ ಪುಡಿ ಐಸ್ ಒಳಗೆ ಕಳಿಸಿ, ಕಿಡ್ನಿಯ ಸುತ್ತ ನಿಲ್ಲಿಸಿ, ಪಕ್ಕದ ಕರುಳನ್ನು ತಂಪಿನಿಂದ ಕಾಪಾಡೋದು ಇವತ್ತಿಗೂ ಸುಲಭ ಇಲ್ಲ. ಮಿನಿ ಪ್ರಾಜೆಕ್ಟ್ ಹುಡುಕ್ತಿರೋರು ಒಂದು ಆಲೂಗಡ್ಡೆಯಿಂದ ಶುರು ಮಾಡ್ರಿ. ಅದನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ, ನಡುಭಾಗಕ್ಕೆ ಉಷ್ಣತೆಯ ಸೆನ್ಸರ್ ಚುಚ್ಚಿ, ಪುಡಿ ಐಸ್‌ನಲ್ಲಿ ಹೂತಿಡ್ರಿ. 17 ಡಿಗ್ರಿಗೆ ಬರಲು ಎಷ್ಟು ನಿಮಿಷ ಹಿಡೀತು ಅಂತ ನಮಗೆ ಬರೆದು ಕಳಿಸ್ರಿ.