ಮುಂದಿನ ವಾಯಿದೆಗೆ ಬಿದ್ದ ವ್ಯಾಯಾಮ

ಕಾನೂನು ಓದುವ ವಿದ್ಯಾರ್ಥಿಯ ದಿನವೆಲ್ಲ ಕುಳಿತಲ್ಲೇ ಕಳೆಯುತ್ತದೆ. ಬೆಳಗ್ಗೆ ತರಗತಿ, ಮಧ್ಯಾಹ್ನ ಗ್ರಂಥಾಲಯ, ರಾತ್ರಿ ಅಣಕು ನ್ಯಾಯಾಲಯದ ಸಿದ್ಧತೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲಂತೂ, ಅದರ 358 ಕಲಮುಗಳನ್ನು 1860ರ ದಂಡ ಸಂಹಿತೆಯೊಡನೆ ಹೋಲಿಸಿ ಓದುವ ಹೊರೆಯೂ ಕೂಡಿದೆ. ಇಷ್ಟರ ನಡುವೆ ಅಂಗಸಾಧನೆಗೆ ವೇಳೆಯೆಲ್ಲಿ? 'ಪರೀಕ್ಷೆ ಮುಗಿಯಲಿ' ಎಂದು ಅದನ್ನು ಮುಂದಿನ ವಾಯಿದೆಗೆ ಹಾಕುವುದೇ ರೂಢಿಯಾಗಿದೆ. ಸಿವಿಲ್ ದಾವೆಯ ವಿಚಾರಣೆಯಲ್ಲಿ ಒಬ್ಬ ಕಕ್ಷಿಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಸಲ್ಲದೆಂದು ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ದೇಹವಾದರೋ ಕೇಳಿದಷ್ಟು ವಾಯಿದೆಗಳನ್ನು ಮರುಮಾತಿಲ್ಲದೆ ಕೊಡುತ್ತದೆ. ಅದರ ಖರ್ಚುವೆಚ್ಚ ತಿಳಿಯುವುದು ಬಹಳ ತಡವಾಗಿ.

ಈ ತೊಡಕು ಇಂದಿನದಲ್ಲ. ಬಾಲಗಂಗಾಧರ ತಿಲಕರು ಪುಣೆಯ ಡೆಕ್ಕನ್ ಕಾಲೇಜು ಸೇರಿದಾಗ ಮೈ ಬಹಳ ಬಡವಾಗಿತ್ತು. ಮೊದಲ ವರ್ಷವನ್ನು ಅವರು ಹೆಚ್ಚಾಗಿ ವ್ಯಾಯಾಮಕ್ಕೇ ಮೀಸಲಿಟ್ಟರು. ಆ ವರ್ಷದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯ ತರುವಾಯ 1879ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಮುಂದೆ ಮಂಡಾಲೆಯಲ್ಲಿ ಆರು ವರ್ಷಗಳ ಸೆರೆವಾಸವನ್ನು ಸಹಿಸಿದ್ದು ಹೀಗೆ ಕಟ್ಟಿಕೊಂಡ ದೇಹವೇ. ಆದರೆ ಸಾಲ ಮಾಡಿ ಶುಲ್ಕ ತೆರುವ ಮನೆಯ ಮಗನಾಗಲಿ ಮಗಳಾಗಲಿ ಒಂದಿಡೀ ವರ್ಷವನ್ನು ಹೀಗೆ ತೆಗೆದಿಡಲಾದೀತೆ?

ಇನ್ನೊಂದು ದಾರಿಯನ್ನು ತೋರಿದವರು ಗಾಂಧೀಜಿ. 1888ರಲ್ಲಿ ಬ್ಯಾರಿಸ್ಟರ್ ಓದಿಗೆಂದು ಲಂಡನ್ನಿಗೆ ಹೋದ ಅವರು ಮೊದಮೊದಲು ಎಲ್ಲಿಗೇ ಹೋದರೂ ಗಾಡಿ ಹತ್ತುತ್ತಿದ್ದರು. ನಡೆದಾಡುವುದಕ್ಕೆ ಬೇರೆ ವೇಳೆ ಹುಡುಕಬೇಕಾಗಿತ್ತು. ಖರ್ಚಿನ ಲೆಕ್ಕ ಬರೆಯತೊಡಗಿದ ಮೇಲೆ, ಕೆಲಸವಿದ್ದ ಎಡೆಗೆ ಅರ್ಧ ಗಂಟೆಯಲ್ಲಿ ನಡೆದು ಮುಟ್ಟಬಹುದಾದ ಕಡೆ ಕೋಣೆ ಹಿಡಿದರು. ಗಾಡಿಯ ದುಡ್ಡು ಉಳಿಯಿತು. ದಿನಕ್ಕೆ ಎಂಟು ಹತ್ತು ಮೈಲಿಗಳ ನಡಿಗೆ ತಾನಾಗಿ ಒದಗಿತು. ಇಂಗ್ಲೆಂಡಿನಲ್ಲಿ ತಾವು ಕಾಯಿಲೆ ಬೀಳದೆ ಉಳಿದುದಕ್ಕೆ ಮುಖ್ಯವಾಗಿ ಈ ಅಭ್ಯಾಸವೇ ಕಾರಣವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರೋಮನ್ ಕಾನೂನು, ಇಂಗ್ಲೆಂಡಿನ ಸಾಮಾನ್ಯ ಕಾನೂನು ಎರಡನ್ನೂ ಶ್ರಮವಹಿಸಿ ಓದಿ 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು. ಅದೇ ಕಾಲುಗಳು 1930ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಅವರನ್ನು ಸಾಬರಮತಿಯಿಂದ ದಂಡಿಯವರೆಗೆ ಕೊಂಡೊಯ್ದವು.

ಗಾಂಧೀಜಿ ವ್ಯಾಯಾಮಕ್ಕಾಗಿ ಹೊಸ ವೇಳೆಯನ್ನು ಹುಡುಕಲಿಲ್ಲ. ಹೇಗೂ ಮಾಡಲೇಬೇಕಾದ ಕೆಲಸದೊಳಗೆ ಅದನ್ನು ಸೇರಿಸಿದರು. ಇಂದಿನ ವಿದ್ಯಾರ್ಥಿಗೆ ಬೇಕಾದ ಉಪಾಯವೂ ಇದೇ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಗೆ ಇದು ಸಮ. ಕಾಲೇಜಿಗೆ ಎರಡು ನಿಲ್ದಾಣ ಮೊದಲೇ ಬಸ್ಸಿಳಿದರೆ ಅದರಲ್ಲಿ ಬಹುಪಾಲು ಸಂದಾಯವಾಗುತ್ತದೆ. ಹಗಲು ಓದಿದ ಕಲಮುಗಳನ್ನು ಸಂಜೆ ಗೆಳೆಯರೊಡನೆ ನಡೆಯುತ್ತ ಚರ್ಚಿಸಬಹುದು. ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳಿಗೆ ಬೀದಿಯ ನಡಿಗೆ ಸುಲಭವಲ್ಲ. ಅಂಗಳದ ದೀಪಗಳನ್ನು ಉರಿಸಿ, ಆಟದ ಬಯಲನ್ನು ತೆರೆದಿಡುವ ಹೊಣೆ ಕಾಲೇಜಿನ ಹಿರಿಯರದು.

ವಕೀಲನ ವೃತ್ತಿ ನಿಂತು ಮಾಡುವ ವೃತ್ತಿ. ದಿನದ ಕೊನೆಯ ಮೊಕದ್ದಮೆಗೂ ಅವನ ಬೆನ್ನು ನೆಟ್ಟಗಿರಬೇಕು, ದನಿ ಗಟ್ಟಿಯಾಗಿರಬೇಕು. ದಣಿದ ವಕೀಲನಿಂದ ನಷ್ಟ ಅವನೊಬ್ಬನಿಗೇ ಅಲ್ಲ, ಅವನನ್ನು ನಂಬಿ ದೂರದ ಊರಿನಿಂದ ಬಂದು ಹೊರಗೆ ಕಾದಿರುವ ಕಕ್ಷಿಗಾರನಿಗೂ ಉಂಟು.