ನಿಖಾಹ್ ಕಾರ್ಡಿನ ಎರಡನೇ ಬಣ್ಣ

ನೀವು ಪುಣೆಯಲ್ಲಿ ಓದುತ್ತಾ ರೂಮಿನ ಮೂಲೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿದ್ದೀರಿ ಅಂದುಕೊಳ್ಳಿ. ಮೊದಲ ಆರ್ಡರ್ ಯಾರೋ ಪರಿಚಯದವರ ನಿಖಾಹ್ ಕಾರ್ಡ್. ಇನ್ನೂರು ಕಾರ್ಡ್, ಎರಡು ಬಣ್ಣ. ಮೇಲಿನ ಬಿಸ್ಮಿಲ್ಲಾದ ಅಕ್ಷರಗಳು ಹಸಿರು, ಚುಕ್ಕೆಗಳು ಚಿನ್ನದ ಬಣ್ಣ.

ಹಸಿರು ಚೆನ್ನಾಗಿಯೇ ಬರುತ್ತದೆ. ತೊಂದರೆ ಆಗುವುದು ಚಿನ್ನ ಹಾಕುವಾಗ. ಅರಬಿಯ ಬಾ, ತಾ, ಸಾ ಮೂರಕ್ಕೂ ಆಕಾರ ಒಂದೇ. ಚುಕ್ಕೆ ಎಲ್ಲಿದೆ, ಎಷ್ಟಿದೆ ಎಂಬುದರಿಂದಲೇ ಅಕ್ಷರ ಗೊತ್ತಾಗುವುದು. ಹಾಗಾಗಿ ಎರಡು ಮಿಲಿಮೀಟರ್ ಜಾರಿದರೂ ಓದು ಕೆಡುತ್ತದೆ. ಇನ್ನು ಕೆಟ್ಟ ಕಾರ್ಡನ್ನು ಕಸದ ಬುಟ್ಟಿಗೆ ಹಾಕುವಂತೆಯೂ ಇಲ್ಲ, ಅದರಲ್ಲಿ ಅಲ್ಲಾಹನ ಹೆಸರಿದೆ. ಅದಕ್ಕೇ ಹೇಳುವುದು, ಮೊದಲು ಒಂದು ಜಿಗ್ ಮಾಡಿಕೊಳ್ಳಿ.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಕಡೆ ಹೋದರೆ ಹದಿನೆಂಟು ಎಂಎಂ ಪ್ಲೈವುಡ್ ತುಂಡು ಕೇಳಿ. ಬಾಗಿರಬಾರದು, ಮೇಲೆ ಸನ್ಮೈಕಾ ಇದ್ದರೆ ಒಳ್ಳೆಯದು. ಹಲಗೆಯ ಹಿಂಬದಿಗೆ ಒಂದು ರೀಪರ್ ಸ್ಕ್ರೂ ಮಾಡಿ, ಅದಕ್ಕೆ ಎರಡು ಬಿಜಾಗರಿಯಿಂದ ಫ್ರೇಮ್ ಕೂರಿಸಿ. ಅಗ್ಗದ ಬಿಜಾಗರಿ ಸ್ವಲ್ಪ ಅಲ್ಲಾಡಿಯೇ ಅಲ್ಲಾಡುತ್ತದೆ, ಬೈದು ಪ್ರಯೋಜನವಿಲ್ಲ. ಮುಂಬದಿಯಲ್ಲಿ ಫ್ರೇಮಿನ ಎಡಕ್ಕೊಂದು ಬಲಕ್ಕೊಂದು ಮರದ ತುಂಡು ಬಿಗಿಯಾಗಿ ಹೊಡೆದುಬಿಡಿ. ಫ್ರೇಮ್ ಪ್ರತಿ ಸಲ ಆ ಎರಡರ ನಡುವೆಯೇ ಇಳಿಯಬೇಕು. ಫ್ರೇಮಿನ ಮುಂದಿನ ಮೂಲೆಗಳ ಕೆಳಗೆ ನಾಣ್ಯ ಅಂಟಿಸಿ, ರೀಪರನ್ನೂ ಅಷ್ಟೇ ಎತ್ತರಿಸಿ. ಮೆಶ್‌ಗೂ ಕಾಗದಕ್ಕೂ ಎರಡು ಮೂರು ಎಂಎಂ ಅಂತರ ಇದ್ದರೆ ಸ್ಕ್ವೀಜಿ ದಾಟಿದ ತಕ್ಷಣ ಮೆಶ್ ಮೇಲೇಳುತ್ತದೆ, ಇಂಕ್ ಹರಡುವುದಿಲ್ಲ.

ಇನ್ನು ಕಾಗದ ಕೂರುವ ಜಾಗ. ಉದ್ದ ಬದಿಗೆ ಎರಡು ತಡೆ, ಗಿಡ್ಡ ಬದಿಗೆ ಒಂದು. ಮೂರೇ ಸಾಕು, ನಾಲ್ಕನೆಯದು ಜಗಳ ತರುತ್ತದೆ. ಜಪಾನಿನ ಮರದಚ್ಚಿನವರು ಹಲಗೆಯಲ್ಲೇ ಒಂದು ಮೂಲೆ, ಒಂದು ನೇರ ಗೀರು ಕೆತ್ತಿ ಅದನ್ನು ಕೆಂತೊ ಎನ್ನುತ್ತಿದ್ದರು. 1765ರ ಹೊತ್ತಿಗೆ ಸುಝುಕಿ ಹರುನೊಬುವಿನ ಬಹುವರ್ಣದ ಚಿತ್ರಗಳು ಬಂದದ್ದು ಈ ಉಪಾಯದಿಂದಲೇ. ನಿಮಗೆ ಅದೇ ಕಾರ್ಡಿನ ಚೂರುಗಳನ್ನು ಅಂಟಿಸಿದರೂ ನಡೆಯುತ್ತದೆ. ತಡೆ ತೀರಾ ದಪ್ಪ ಇದ್ದರೆ ಮೆಶ್ ಹರಿದೀತು.

ಎರಡನೇ ಬಣ್ಣಕ್ಕೆ ಸ್ಕ್ರೀನ್ ಬದಲಿಸಿದ ಮೇಲೆ ಕಾರ್ಡಿನ ಮೇಲೆ ಟ್ರಯಲ್ ನೋಡಲು ಹೋಗಬೇಡಿ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಒಂದು ಅಂಚನ್ನು ಮಾತ್ರ ಹಲಗೆಗೆ ಟೇಪ್ ಮಾಡಿ, ಅದರ ಮೇಲೆ ಚಿನ್ನದ ಚುಕ್ಕೆ ಪ್ರಿಂಟ್ ತೆಗೆಯಿರಿ. ಫ್ರೇಮ್ ಎತ್ತಿ, ಹಸಿರು ಬಿದ್ದಿರುವ ಕಾರ್ಡೊಂದನ್ನು ಹಾಳೆಯ ಕೆಳಗೆ ತೂರಿಸಿ. ರಹ್ಮಾನ್‌ನ ಕೊನೆಯ ನೂನ್ ಒಳಗೆ ಚುಕ್ಕೆ ಸರಿಯಾಗಿ ಕೂರುವವರೆಗೆ ಕಾರ್ಡನ್ನು ಮೆಲ್ಲಗೆ ಸರಿಸಿ. ಕೂತಿತೇ? ಕಾರ್ಡ್ ಒತ್ತಿಹಿಡಿದು, ಹಾಳೆ ಮಡಚಿ, ಮೂರೂ ತಡೆಗಳನ್ನು ಕಾರ್ಡಿನ ಅಂಚಿಗೆ ತಾಗಿಸಿ ಅಂಟಿಸಿ. ಮೊದಲ ಬಣ್ಣಕ್ಕೆ ಯಾವ ಎರಡು ಅಂಚು ತಾಗಿಸಿದ್ದಿರೋ ಈಗಲೂ ಅವೇ ಆಗಬೇಕು, ಯಾಕೆಂದರೆ ಕಟಿಂಗ್‌ನಲ್ಲಿ ಎಲ್ಲ ಕಾರ್ಡೂ ಒಂದೇ ಅಳತೆಗೆ ಬರುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಒರೆಸಿಟ್ಟರೆ ಮುಂದಿನ ಆರ್ಡರಿಗೂ ಆಯಿತು.

ಜುಲೈಯ ಮಳೆಯಲ್ಲಿ ಇಷ್ಟೆಲ್ಲ ಮಾಡಿಯೂ ಚುಕ್ಕೆ ಜಾರಿದರೆ ಜಿಗ್ಗನ್ನು ಬಿಚ್ಚಬೇಡಿ, ಕಾಗದ ತೇವ ಹೀರಿ ಹಿಗ್ಗಿರುತ್ತದೆ. ಹಸಿರು ಒಣಗಿದ ಕೂಡಲೇ ಕಾರ್ಡುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಚಿನ್ನವನ್ನು ಮರುದಿನಕ್ಕೆ ತಳ್ಳಬೇಡಿ.